ಗೋವಕ್ಕಿ ದನದ ಹಿಂದೆ ಹೋಗೋದು ಉಣ್ಣಿ ತಿನ್ನೋಕಲ್ಲ

ಮೇಯೋ ದನದ ಕಾಲ ಬುಡದಲ್ಲಿ ಬೆಳ್ಳಗೆ ಒಂದು ಹಕ್ಕಿ ನಿಂತಿರತ್ತಲ್ಲ, ಅದು ಅಲ್ಲಿ ಏನ್ ಮಾಡ್ತಿದೆ ಅಂತ ಯಾರನ್ನ ಕೇಳಿದ್ರೂ ಬರೋ ಉತ್ತರ ಒಂದೇ: ದನದ ಮೈಮೇಲಿನ ಉಣ್ಣಿ ತಿನ್ನತ್ತೆ, ದನಕ್ಕೆ ಕ್ಲೀನಿಂಗು, ಹಕ್ಕಿಗೆ ಊಟ, ಇಬ್ರಿಗೂ ಲಾಭ. ಕೇಳೋಕೆ ಚೆನ್ನಾಗಿದೆ. ಆದ್ರೆ ಗದ್ದೆ ಬದು ಮೇಲೆ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ, ಆ ಹಕ್ಕಿ ದನದ ಮೈ ಕಡೆ ತಲೆ ಎತ್ತಿ ನೋಡೋದೇ ಅಪರೂಪ, ಅದರ ಗಮನ ಎಲ್ಲಾ ಗೊರಸಿನ ಹತ್ರ ಇರೋ ಹುಲ್ಲಿನ ಮೇಲೆ, ದನ ಒಂದು ಹೆಜ್ಜೆ ಎತ್ತಿಟ್ಟ ಕೂಡ್ಲೆ ಇದು ಎರಡು ಹೆಜ್ಜೆ ಓಡಿ ಏನನ್ನೋ ಟಕ್ ಅಂತ ಕುಕ್ಕಿ ನುಂಗತ್ತೆ, ಮತ್ತೆ ದನದ ಮುಂಗಾಲ ಪಕ್ಕ ಬಂದು ನಿಲ್ಲತ್ತೆ.

ಇದು ಗೋವಕ್ಕಿ, ಕೆಲವರು ದನದ ಬೆಳ್ಳಕ್ಕಿ ಅಂತಾರೆ, ಹೆಚ್ಚಿನವರು ಎಲ್ಲಾ ಬಿಳಿ ಹಕ್ಕಿನೂ ಸೇರಿಸಿ ಬೆಳ್ಳಕ್ಕಿ ಇಲ್ಲಾ ಕೊಕ್ಕರೆ ಅಂತ ಕರೆದು ಮುಗಿಸ್ತಾರೆ.

ಉಣ್ಣಿ ತಿನ್ನೋದೇ ಇಲ್ಲ ಅಂತಲ್ಲ. ಮಲಗಿ ಮೆಲುಕು ಹಾಕೋ ಎಮ್ಮೆ ಮುಖದ ಹತ್ರ ನಿಂತು ನೊಣ ಹಿಡಿಯೋದು, ಕಣ್ಣಿಗೆ ಬಿದ್ದ ಒಂದೆರಡು ಉಣ್ಣಿ ಕಿತ್ತು ನುಂಗೋದು ಎಲ್ಲಾ ಇದೆ. ಆದ್ರೆ ಬೇರೆ ಬೇರೆ ದೇಶಗಳಲ್ಲಿ ಈ ಹಕ್ಕಿ ಹೊಟ್ಟೆ ಒಳಗೆ ಏನಿದೆ, ಮರಿಗಳು ಕಕ್ಕಿದ ಆಹಾರದಲ್ಲಿ ಏನಿದೆ ಅಂತ ಪರೀಕ್ಷೆ ಮಾಡಿದಾಗ ಹೆಚ್ಚಾಗಿ ಸಿಕ್ಕಿದ್ದು ಮಿಡತೆ ಮತ್ತೆ ಮಿಡತೆ ಜಾತಿಯ ಹಾರೋ ಹುಳಗಳು, ಆಮೇಲೆ ದುಂಬಿ, ಪತಂಗ, ಕಂಬಳಿಹುಳ, ನೊಣ, ಜೇಡ, ಎರೆಹುಳ, ಕಪ್ಪೆ, ಹಾವುರಾಣಿ, ಸಣ್ಣ ಹಾವು ಕೂಡ. ಉಣ್ಣಿ ಲೆಕ್ಕಕ್ಕೆ ಬರೋದು ತುಂಬಾ ಕಡಿಮೆ. ಬೆನ್ನ ಮೇಲೆ ಹತ್ತಿ ಕೂತಿರೋದನ್ನ ನೋಡಿ ನಾವು ಉಣ್ಣಿ ಅಂದ್ಕೋತೀವಿ, ಅಲ್ಲಿ ಕೂರೋದು ಮುಖ್ಯವಾಗಿ ಎತ್ತರದಿಂದ ನೋಡೋಕೆ, ಸುಸ್ತಾದಾಗ ನಡೆಯೋದು ತಪ್ಪಿಸೋಕೆ. ನಿಜವಾಗ್ಲೂ ದನದ ಕಿವಿ ಒಳಗೆ, ಕೆಚ್ಚಲ ಹತ್ರ ಕೊಕ್ಕು ಹಾಕಿ ಉಣ್ಣಿ ಕೀಳೋ ಹಕ್ಕಿ ನೋಡ್ಬೇಕು ಅಂದ್ರೆ ಕಾಗೆ ನೋಡಿ, ಅದು ಎಷ್ಟು ಶ್ರದ್ಧೆಯಿಂದ ಮಾಡತ್ತೆ ಅಂದ್ರೆ ಕೆಲವು ಸಲ ಗಾಯನೂ ಕೆದಕಿ ದೊಡ್ದು ಮಾಡತ್ತೆ.

ಸೆಕೆಂಡ್ ಪಿಯುಸಿ ಬಯಾಲಜಿ ಓದಿದವರಿಗೆ ನೆನಪಿರಬಹುದು, ಅಲ್ಲಿ ಕಮೆನ್ಸಲಿಸಂ ಅನ್ನೋ ಪಾಠಕ್ಕೆ ಉದಾಹರಣೆಯಾಗಿ ಕೊಟ್ಟಿರೋದೇ ಈ ಹಕ್ಕಿ ಮತ್ತೆ ಮೇಯೋ ದನದ ಜೋಡಿ. ಕಮೆನ್ಸಲಿಸಂ ಅಂದ್ರೆ ಎರಡು ಜೀವಿ ಜೊತೆಗಿದ್ದು ಒಂದಕ್ಕೆ ಲಾಭ, ಇನ್ನೊಂದಕ್ಕೆ ಲಾಭನೂ ಇಲ್ಲ ನಷ್ಟನೂ ಇಲ್ಲ. ಅಂದ್ರೆ ಪಠ್ಯಪುಸ್ತಕದ ಪ್ರಕಾರವೇ ದನಕ್ಕೆ ಹೇಳಿಕೊಳ್ಳೋವಂಥದ್ದು ಏನೂ ಸಿಗ್ತಿಲ್ಲ, ಆದ್ರೂ ಪರೀಕ್ಷೆ ಮುಗಿದ ಮೇಲೆ ನಾವೆಲ್ಲ ಮತ್ತೆ ಉಣ್ಣಿ ಕಥೆಗೇ ವಾಪಸ್ ಬಂದಿದ್ದೀವಿ.

ಲಾಭ ಹೇಗೆ ಅಂದ್ರೆ, ಹಸಿರು ಹುಲ್ಲಲ್ಲಿ ಹಸಿರು ಮಿಡತೆ ಅಲ್ಲಾಡದೆ ಕೂತ್ರೆ ಯಾವ ಹಕ್ಕಿಗೂ ಅದನ್ನ ಹುಡುಕೋದು ಕಷ್ಟ, ಮಿಡತೆಯ ಪೂರ್ತಿ ರಕ್ಷಣೆ ಇರೋದೇ ಸುಮ್ನೆ ಕೂರೋದ್ರಲ್ಲಿ. ಆದ್ರೆ ಮುನ್ನೂರು ಕೇಜಿ ತೂಕದ ಒಂದು ಪ್ರಾಣಿ ಮುಖ ನೆಲಕ್ಕೆ ಹಚ್ಚಿ ಹುಲ್ಲು ಕಿತ್ಕೊಂಡು ಬರ್ತಿದ್ರೆ ಮಿಡತೆ ಹಾರಲೇಬೇಕು, ಇಲ್ಲಾಂದ್ರೆ ಗೊರಸಿನ ಅಡಿ ಸಾಯತ್ತೆ. ಹಾರಿದ ಕ್ಷಣ ಕಣ್ಣಿಗೆ ಬೀಳತ್ತೆ, ಗೋವಕ್ಕಿಗೆ ಬೇಕಾಗಿರೋದು ಆ ಒಂದು ಕ್ಷಣ. ಮೊಲ ಬೇಟೆಗೆ ಹೋದೋರು ಪೊದೆ ಬಡಿಯೋಕೆ ಒಬ್ಬನನ್ನ ಆ ಕಡೆ ಕಳಿಸಿ ಈ ಕಡೆ ಕಾಯ್ತಾ ನಿಲ್ತಾರಲ್ಲ, ಅದೇ ಲೆಕ್ಕ, ಇಲ್ಲಿ ಪೊದೆ ಬಡಿಯೋದು ದನ, ಅದಕ್ಕೆ ಗೊತ್ತೂ ಇಲ್ಲ ಕೂಲಿನೂ ಇಲ್ಲ.

ಇದನ್ನ ಅಳೆದು ನೋಡಿದ್ದಾರೆ. ಒಂದು ಅಧ್ಯಯನದಲ್ಲಿ ಒಂಟಿಯಾಗಿ ಹುಲ್ಲಲ್ಲಿ ಹುಡುಕೋ ಗೋವಕ್ಕಿಗಿಂತ ದನದ ಜೊತೆ ಇರೋ ಗೋವಕ್ಕಿಗೆ 3.6 ಪಟ್ಟು ಹೆಚ್ಚು ಬೇಟೆ ಸಿಕ್ಕಿತ್ತು. ಜೊತೆಗೆ ಹೆಜ್ಜೆನೂ ಕಮ್ಮಿ ಹಾಕತ್ತೆ, ಅಂದ್ರೆ ಖರ್ಚು ಇಳೀತು, ಆದಾಯ ಏರ್ತು. ಟ್ರ್ಯಾಕ್ಟರ್ ಹಿಂದೆ ಹೋದ್ರೂ ಹೆಚ್ಚುಕಮ್ಮಿ ಇಷ್ಟೇ ಸಿಗತ್ತೆ, ಆದ್ರೆ ಟ್ರ್ಯಾಕ್ಟರ್ ಸ್ಪೀಡಿಗೆ ಓಡಿ ಹಾರಿ ಸುಸ್ತಾಗ್ಬೇಕು.

ಸ್ಪೀಡು ಅಂದಾಗ ಒಂದು ಮಜಾ ವಿಷ್ಯ. ಗೋವಕ್ಕಿ ಯಾವ ಪ್ರಾಣಿ ಹಿಂದೆ ಬೇಕಾದ್ರೂ ಹೋಗಲ್ಲ, ಒಂದು ನಿಮಿಷಕ್ಕೆ ಸುಮಾರು 5ರಿಂದ 15 ಹೆಜ್ಜೆ ಹಾಕೋ ಪ್ರಾಣಿ ಅದಕ್ಕೆ ಇಷ್ಟ. ತೀರಾ ನಿಧಾನ ಆದ್ರೆ ಹುಳ ಏಳಲ್ಲ, ಜೋರಾಗಿ ನಡೆದ್ರೆ ಎದ್ದ ಹುಳ ಹಿಡಿಯೋಕೆ ಟೈಮ್ ಸಿಗಲ್ಲ, ಮೇಯ್ತಾ ಮೇಯ್ತಾ ಒಂದೊಂದೇ ಹೆಜ್ಜೆ ಇಡೋ ದನ ಎಮ್ಮೆ ಈ ಲೆಕ್ಕಕ್ಕೆ ಸರಿಯಾಗಿ ಕೂರತ್ತೆ. ಅದಕ್ಕೇ ಸಾಯಂಕಾಲ ಕೊಟ್ಟಿಗೆ ಕಡೆ ಸರಸರ ಹೋಗ್ತಿರೋ ದನದ ಮಂದೆ ಹಿಂದೆ ಈ ಹಕ್ಕಿ ಅಷ್ಟಾಗಿ ಕಾಣಲ್ಲ, ಅದೇ ಮಂದೆ ಮಧ್ಯಾಹ್ನ ಗೋಮಾಳದಲ್ಲಿ ಚದುರಿ ಮೇಯ್ತಿದ್ರೆ ಒಂದೊಂದಕ್ಕೂ ಒಂದೊಂದು ಅಂಟ್ಕೊಂಡಿರತ್ತೆ. ಆಫ್ರಿಕಾದಲ್ಲಿ ಇದೇ ಕೆಲಸಕ್ಕೆ ಕಾಡೆಮ್ಮೆ, ಜೀಬ್ರಾ, ವೈಲ್ಡ್‌ಬೀಸ್ಟ್. ಕಾಜಿರಂಗಾದಲ್ಲಿ ಘೇಂಡಾಮೃಗ. ನಮ್ಮ ಕಬಿನಿ ಹಿನ್ನೀರಲ್ಲಿ ಬೇಸಿಗೆಗೆ ಹುಲ್ಲು ಮೇಯೋಕೆ ಬರೋ ಆನೆ ಹಿಂಡಿನ ಫೋಟೋ ನೋಡಿರ್ತೀರಲ್ಲ, ಆನೆ ಕಾಲ ಸುತ್ತ ಬಿಳಿ ಚುಕ್ಕೆ ಚುಕ್ಕೆ ಕಾಣೋದು ಹೆಚ್ಚಿನ ಸಲ ಇದೇ ಹಕ್ಕಿ. ದನ ಸಾಕೋಕೆ ಮನುಷ್ಯ ಶುರು ಮಾಡೋ ಮುಂಚೆ ಇದರ ಬದುಕು ಇಂಥ ಕಾಡುಪ್ರಾಣಿಗಳ ಹಿಂದೆಯೇ ನಡೀತಿತ್ತು, ಹಟ್ಟಿ ದನ ಆಮೇಲೆ ಬಂದ ಅನುಕೂಲ.

ಒಂದು ದನಕ್ಕೆ ಒಂದೇ ಹಕ್ಕಿ ಯಾಕೆ ಅಂದ್ರೆ ಅಲ್ಲೂ ಜಗಳ ಇದೆ. ದನದ ತಲೆ ಹತ್ರ, ಮುಂಗಾಲ ಹತ್ರ ಇರೋ ಜಾಗ ಒಳ್ಳೆ ಜಾಗ, ಅಲ್ಲಿ ನಿಂತ ಹಕ್ಕಿ ಇನ್ನೊಂದು ಹತ್ರ ಬಂದ್ರೆ ಗರಿ ಎಬ್ಬಿಸಿ ಕೊಕ್ಕು ತೆಗೆದು ಓಡಿಸತ್ತೆ. ಆದ್ರೆ ಇದು ಜೀವ ಕೊಟ್ಟು ಕಾಯೋ ಜಾಗ ಅಲ್ಲ, ಐದಾರು ಹಕ್ಕಿ ಒಟ್ಟಿಗೆ ಬಂದು ಇಳಿದ್ರೆ ಮೊದಲಿದ್ದಿದ್ದು ಜಗಳ ಬಿಟ್ಟು ಬೇರೆ ದನ ನೋಡ್ಕೊಳತ್ತೆ, ಓಡಿಸ್ತಾ ಕೂತ್ರೆ ಹೊಟ್ಟೆ ತುಂಬಲ್ಲ ಅಂತ ಅದಕ್ಕೆ ಲೆಕ್ಕ ಗೊತ್ತು.

ಈ ಒಂದು ಟ್ರಿಕ್ಕು ಹಿಡ್ಕೊಂಡ್ರೆ ಗೋವಕ್ಕಿಯ ಉಳಿದ ಬದುಕು ಬಹಳಷ್ಟು ಅರ್ಥ ಆಗತ್ತೆ. ಅದಕ್ಕೆ ದನವೇ ಬೇಕು ಅಂತೇನಿಲ್ಲ, ಹುಲ್ಲು ಕೆದಕೋದು ಯಾವುದಾದ್ರೂ ಸರಿ. ಟಿಲ್ಲರ್ ಗದ್ದೆಗೆ ಇಳಿದ್ರೆ ಎಲ್ಲಿಂದಲೋ ಬಂದು ಮುತ್ಕೊಳ್ತವೆ, ರೋಟವೇಟರ್ ಮಣ್ಣು ತಿರುಗಿಸಿದ ಹಾಗೆ ಎರೆಹುಳ ಗೊಬ್ಬರದ ಹುಳ ಎಲ್ಲಾ ಮೇಲೆ ಬರತ್ತಲ್ಲ, ಡ್ರೈವರ್ ಎಷ್ಟು ಹಾರ್ನ್ ಹೊಡೆದ್ರೂ ಕೇರ್ ಮಾಡಲ್ಲ. ಜೆಸಿಬಿ ಕೆರೆ ಹೂಳು ತೆಗೀವಾಗ ಬರ್ತವೆ. ಕಾಲೇಜ್ ಮೈದಾನದಲ್ಲಿ ಹುಲ್ಲು ಕತ್ತರಿಸೋ ಮೆಷಿನ್ ಹಿಂದೆ ಬರ್ತವೆ. ಒಣ ಹುಲ್ಲಿಗೆ ಬೆಂಕಿ ಹಚ್ಚಿದ್ರೆ ಹೊಗೆಯ ಅಂಚಲ್ಲಿ ನಿಂತು ಓಡಿ ಬರೋ ಹುಳ ಹಿಡೀತವೆ. ಊರ ಹೊರಗಿನ ಕಸದ ಗುಡ್ಡೆಯಲ್ಲಿ ಯಾರೂ ಕೆದಕೋದೂ ಬೇಕಿಲ್ಲ, ನೊಣ ಮತ್ತೆ ನೊಣದ ಮರಿಹುಳ ಅಲ್ಲಿ ಯಾವತ್ತೂ ಇರತ್ತೆ, ಅಲ್ಲಿ ನೋಡಿದ ಮೇಲೆ ಬೆಳ್ಳಕ್ಕಿ ಅಂದ್ರೆ ಶುಭ್ರ ಅನ್ನೋ ಕಲ್ಪನೆ ಸ್ವಲ್ಪ ಅಲ್ಲಾಡತ್ತೆ ಬಿಡಿ.

ಬಕ ಜಾತಿಯ ಉಳಿದವರಲ್ಲಿ ಹೆಚ್ಚಿನವರು ನೀರಿನ ಜನ. ಸಣ್ಣ ಬೆಳ್ಳಕ್ಕಿ, ದೊಡ್ಡ ಬೆಳ್ಳಕ್ಕಿ, ಬೂದು ಬಕ ಎಲ್ಲಾ ಕೆರೆ ಅಂಚಲ್ಲಿ ಮೀನಿಗೆ ಕಾಯೋವು. ಈ ಗೋವಕ್ಕಿ ಮಾತ್ರ ಒಣ ನೆಲಕ್ಕೆ ಬಂದು ಹುಲ್ಲಿನ ಹುಳ ನಂಬ್ಕೊಂಡಿದೆ, ಆ ಬದಲಾವಣೆ ಮೈಯಲ್ಲೂ ಕಾಣತ್ತೆ. ಕುತ್ತಿಗೆ ಗಿಡ್ಡ, ಕಾಲು ಗಿಡ್ಡ, ಕೊಕ್ಕು ಮೊಂಡು ಮತ್ತೆ ದಪ್ಪ. ಕಣ್ಣಿನ ವಿಷ್ಯ ಇನ್ನೂ ಸೊಗಸು: ನೀರಿನ ಒಳಗಿರೋ ಮೀನು ಮೇಲಿಂದ ನೋಡಿದ್ರೆ ಇರೋ ಜಾಗದಲ್ಲಿ ಕಾಣಲ್ಲ, ಬೆಳಕು ಬಾಗೋದ್ರಿಂದ ಸ್ವಲ್ಪ ಆಚೆ ಕಾಣತ್ತೆ, ಸಣ್ಣ ಬೆಳ್ಳಕ್ಕಿಯಂಥ ನೀರ ಹಕ್ಕಿಗಳು ಆ ವ್ಯತ್ಯಾಸ ಸರಿ ಮಾಡ್ಕೊಂಡೇ ಕೊಕ್ಕು ಬಿಡ್ತವೆ, ಗೋವಕ್ಕಿ ಮೇಲೆ ಪ್ರಯೋಗ ಮಾಡಿದಾಗ ಅದಕ್ಕೆ ಈ ಸರಿಮಾಡೋ ಕೆಲಸ ನೆಟ್ಟಗೆ ಬರಲ್ಲ ಅಂತ ಗೊತ್ತಾಯ್ತು, ನೀರಿನ ಒಳಗಿನ ಬೇಟೆಗೆ ಕುಕ್ಕಿದ್ರೆ ಗುರಿ ತಪ್ಪತ್ತೆ. ಬೇಕಾಗಿಲ್ಲದ ವಿದ್ಯೆ ಮರೆತುಹೋಗಿದೆ ಅಷ್ಟೆ. ಅದರ ಬದಲು ಕೊಕ್ಕಿನ ಮುಂದೆ ಎರಡೂ ಕಣ್ಣಿಗೆ ಒಟ್ಟಿಗೆ ಕಾಣೋ ಹಾಗಿದೆ, ಹಾರೋ ಮಿಡತೆ ಎಷ್ಟು ದೂರದಲ್ಲಿದೆ ಅಂತ ಅಳೆಯೋಕೆ ಅದೇ ಬೇಕು. ಕುಕ್ಕೋ ಮುಂಚೆ ತಲೆ ಅಲ್ಲಾಡಿಸದೆ ಕುತ್ತಿಗೆ ಮಾತ್ರ ಆ ಕಡೆ ಈ ಕಡೆ ತೂಗತ್ತೆ, ನೋಡಿದ್ರೆ ನಗು ಬರತ್ತೆ.

ಗುರುತು ಹಿಡಿಯೋದು ಹೇಗೆ ಅಂತ ತುಂಬಾ ಜನ ಕೇಳ್ತಾರೆ, ಅದನ್ನ ಬೇಗ ಮುಗಿಸ್ತೀನಿ. ಕೊಕ್ಕು ಹಳದಿ, ಗಿಡ್ಡ, ಗದ್ದದ ಕೆಳಗೆ ಗರಿ ಉಬ್ಬಿ ದವಡೆ ದಪ್ಪ ಇದ್ದ ಹಾಗೆ ಕಾಣತ್ತೆ, ಉದ್ದ ಅರ್ಧ ಮೀಟರ್ ಆಸುಪಾಸು, ಕೂತಾಗ ಗೂನು ಬೆನ್ನು, ಹಾಗಿದ್ರೆ ಗೋವಕ್ಕಿ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ ಆದ್ರೆ ಸಣ್ಣ ಬೆಳ್ಳಕ್ಕಿ. ಕೊಕ್ಕು ಹಳದಿ ಆದ್ರೆ ಕುತ್ತಿಗೆ ಉದ್ದ, ಒಟ್ಟು ಆಕಾರ ಸಪೂರ ಇದ್ರೆ ಮಧ್ಯಮ ಬೆಳ್ಳಕ್ಕಿ, ಅದಕ್ಕಿಂತ್ಲೂ ದೊಡ್ಡದಾಗಿ ಬಾಯಿಯ ಗೆರೆ ಕಣ್ಣು ದಾಟಿ ಹಿಂದಕ್ಕೆ ಹೋಗಿದ್ರೆ ದೊಡ್ಡ ಬೆಳ್ಳಕ್ಕಿ. ಕೂತಾಗ ಮಣ್ಣಿನ ಬಣ್ಣ, ಹಾರಿದ ಕೂಡ್ಲೆ ರೆಕ್ಕೆ ಬೆಳ್ಳಗೆ ಹೊಳೆದ್ರೆ ಅದು ಕೊಳದ ಬಕ. ಮಳೆಗಾಲದ ಆಸುಪಾಸಲ್ಲಿ ಮಾತ್ರ ಇಷ್ಟೆಲ್ಲ ತಲೆ ಕೆಡಿಸ್ಕೊಳ್ಳೋದು ಬೇಡ, ತಲೆ ಕುತ್ತಿಗೆ ಎಲ್ಲಾ ಕಿತ್ತಳೆ ಬಣ್ಣಕ್ಕೆ ತಿರುಗಿರೋ ಬೆಳ್ಳಕ್ಕಿ ಕಂಡ್ರೆ ಅದು ಗೋವಕ್ಕಿನೇ, ಬೇರೆ ಯಾವ ಬೆಳ್ಳಕ್ಕಿಗೂ ಆ ಬಣ್ಣ ಬರಲ್ಲ.

ಇನ್ನು ಅದರ ಪ್ರಯಾಣದ ಕಥೆ, ನನಗೆ ಈ ಹಕ್ಕಿ ಬಗ್ಗೆ ಎಲ್ಲಕ್ಕಿಂತ ಆಶ್ಚರ್ಯ ಆಗೋದು ಇದೇ. ಸುಮಾರು 150 ವರ್ಷದ ಹಿಂದೆ ಗೋವಕ್ಕಿ ಇದ್ದಿದ್ದು ಆಫ್ರಿಕಾದ ಬಿಸಿ ಪ್ರದೇಶಗಳಲ್ಲಿ, ಸ್ಪೇನ್ ಪೋರ್ಚುಗಲ್‌ನ ದಕ್ಷಿಣದಲ್ಲಿ, ನಮ್ಮ ಭಾರತದಿಂದ ಆಚೆಗೆ ಆಗ್ನೇಯ ಏಷ್ಯಾದ ತನಕ, ಅಷ್ಟೇ. ಅಮೆರಿಕ ಖಂಡಗಳಲ್ಲಿ ಒಂದೂ ಇರ್ಲಿಲ್ಲ, ಆಸ್ಟ್ರೇಲಿಯಾದಲ್ಲಿ ಇರ್ಲಿಲ್ಲ. 1877ರ ಹೊತ್ತಿಗೆ ದಕ್ಷಿಣ ಅಮೆರಿಕದ ಗಯಾನಾ ಸುರಿನಾಮ್ ಗಡಿ ಭಾಗದಲ್ಲಿ ಮೊದಲ ಸಲ ಕಾಣಿಸ್ಕೊಳ್ತು. ಯಾರೂ ತಗೊಂಡು ಹೋಗಿ ಬಿಟ್ಟಿದ್ದಲ್ಲ, ಆಫ್ರಿಕಾದಿಂದ ಅಟ್ಲಾಂಟಿಕ್ ಸಾಗರದ ಮೇಲೆ ಹಾರಿಯೇ ಹೋಗಿರ್ಬೇಕು ಅಂತ ತಜ್ಞರ ಅಭಿಪ್ರಾಯ. ಆ ಸಾಗರ ಅತಿ ಕಿರಿದಾಗಿರೋ ಕಡೆ ಕೂಡ 2,800 ಕಿಮೀ ದಾಟತ್ತೆ, ಮಧ್ಯೆ ಕೂರೋಕೆ ಜಾಗ ಇಲ್ಲ ಅಂತ್ಲೇ ಹೇಳ್ಬಹುದು, ಆದ್ರೆ ಅಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಸತತವಾಗಿ ಬೀಸತ್ತೆ, ಆ ಗಾಳಿಗೆ ಸಿಕ್ಕಿದ ಒಂದು ಗುಂಪು ಆ ಕಡೆ ಹೋಗಿ ಬಿದ್ದಿರ್ಬೇಕು. ಗೋವಕ್ಕಿ ಮರಿಗಳಿಗೆ ಹುಟ್ಟಿದ ಜಾಗ ಬಿಟ್ಟು ದಿಕ್ಕಿಲ್ಲದೆ ಅಲೆಯೋ ಅಭ್ಯಾಸ ಇದೆ, ಗೂಡಿಂದ 5,000 ಕಿಮೀ ದೂರ ಹೋಗಿರೋ ದಾಖಲೆ ಇದೆ.

ಹೋಗಿ ಬೀಳೋದು ಒಂದು, ಅಲ್ಲಿ ಬದುಕೋದು ಇನ್ನೊಂದು. ಇಂಥ ದಾರಿ ತಪ್ಪಿದ ಗುಂಪುಗಳು ಅದಕ್ಕೂ ಮುಂಚೆ ಸಾವಿರಾರು ವರ್ಷದಲ್ಲಿ ಎಷ್ಟು ಸಲ ಆ ಕಡೆ ಹೋಗಿರಬಹುದೋ ಯಾರಿಗ್ಗೊತ್ತು, ಆದ್ರೆ ಹೋದ ಕಡೆ ದಟ್ಟ ಕಾಡಿದ್ರೆ ಇದರ ಟ್ರಿಕ್ಕು ನಡೆಯಲ್ಲ. 19ನೇ ಶತಮಾನದ ಕೊನೆಗೆ ಪರಿಸ್ಥಿತಿ ಬದಲಾಗಿತ್ತು, ಯುರೋಪಿನವರು ಕಾಡು ಕಡಿದು ಹುಲ್ಲುಗಾವಲು ಮಾಡಿ ದನ ತುಂಬಿಸಿದ್ರು, ಅಂದ್ರೆ ಗೋವಕ್ಕಿ ಹೋಗೋ ಹೊತ್ತಿಗೆ ಊಟ ಬಡಿಸಿಟ್ಟಿತ್ತು. 1930ರ ದಶಕದಲ್ಲಿ ದಕ್ಷಿಣ ಅಮೆರಿಕದಲ್ಲಿ ನೆಲೆ ಗಟ್ಟಿ ಆಯ್ತು. 1941ರಲ್ಲಿ ಫ್ಲೋರಿಡಾದಲ್ಲಿ ಕಂಡಾಗ ಅಲ್ಲಿನವರು ಯಾವುದೋ ಝೂನಿಂದ ತಪ್ಪಿಸ್ಕೊಂಡಿದ್ದು ಅಂದ್ಕೊಂಡು ಸುಮ್ನಾದ್ರಂತೆ, 1953ರಲ್ಲಿ ಒಕಿಚೋಬಿ ಸರೋವರದ ಹತ್ರ ಗೂಡು ಸಿಕ್ಕಿದ ಮೇಲೆ ಯಾರೂ ಹಾಗೆ ಹೇಳೋ ಹಾಗಿರ್ಲಿಲ್ಲ. 1962ಕ್ಕೆ ಕೆನಡಾದಲ್ಲೂ ಮರಿ ಮಾಡ್ತು. ಇನ್ನೊಂದು ಕಡೆ ಆಫ್ರಿಕಾದ ಒಳಗೇ ದಕ್ಷಿಣಕ್ಕೆ ಇಳಿದು 1908ಕ್ಕೆ ಕೇಪ್ ಪ್ರಾಂತ್ಯದಲ್ಲಿ ಗೂಡು ಕಟ್ಟಿತ್ತು. ಬ್ರಿಟನ್ನಿನಲ್ಲಿ 2008ರಲ್ಲಿ ಸಾಮರ್ಸೆಟ್ ಅನ್ನೋ ಕಡೆ ಮೊದಲ ಸಲ ಮರಿ ಮಾಡ್ತು. ಅಂಟಾರ್ಟಿಕಾ ಕಡೆಯ ಸೌತ್ ಜಾರ್ಜಿಯಾ ದ್ವೀಪದಲ್ಲಿ ಕೂಡ ದಾರಿ ತಪ್ಪಿ ಬಂದಿದ್ದನ್ನ ನೋಡಿದ್ದಾರೆ, ಅಲ್ಲಿ ಪೆಂಗ್ವಿನ್ ಹಿಂದೆ ಹೋದ್ರೆ ಏನ್ ಸಿಗತ್ತೆ ಪಾಪ. ಒಂದು ನೂರು ವರ್ಷದಲ್ಲಿ, ಹೆಚ್ಚಿನಂಶ ತನ್ನ ರೆಕ್ಕೆ ಮೇಲೇ, ಇಷ್ಟು ಹರಡಿದ ಹಕ್ಕಿ ಬಹಳ ಅಪರೂಪ.

ಇಲ್ಲಿ ಒಂದು ತಿದ್ದುಪಡಿ. ಅಟ್ಲಾಂಟಿಕ್ ದಾಟಿದ್ದು ನಮ್ಮ ಗದ್ದೆಯ ಹಕ್ಕಿ ಅಲ್ಲ, ಅದರ ದಾಯಾದಿ. ಆಫ್ರಿಕಾ ಯುರೋಪಿನದನ್ನ ಪಶ್ಚಿಮದ ಗೋವಕ್ಕಿ, ಭಾರತದಿಂದ ಪೂರ್ವಕ್ಕೆ ಇರೋದನ್ನ ಪೂರ್ವದ ಗೋವಕ್ಕಿ ಅಂತ ಈಗ ಎರಡು ಬೇರೆ ಜಾತಿಯಾಗಿ ಲೆಕ್ಕ ಹಾಕೋರೇ ಹೆಚ್ಚು. ಗೂಡಿನ ಕಾಲದಲ್ಲಿ ಪಶ್ಚಿಮದ್ದಕ್ಕೆ ನೆತ್ತಿ, ಎದೆ, ಬೆನ್ನು ಮಾತ್ರ ತೆಳು ಕಿತ್ತಳೆ, ನಮ್ಮದಕ್ಕೆ ಕೆನ್ನೆ ಕುತ್ತಿಗೆ ಎಲ್ಲಾ ಬಣ್ಣ. ನಮ್ಮದು ಸುಮ್ನೆ ಕೂತಿರ್ಲಿಲ್ಲ, 1940ರ ದಶಕದಲ್ಲಿ ಉತ್ತರ ಆಸ್ಟ್ರೇಲಿಯಾಕ್ಕೆ ಹೋಗಿ 1960ರ ದಶಕಕ್ಕೆ ನ್ಯೂಜಿಲೆಂಡ್ ಮುಟ್ಟಿದ್ದು ಈ ಪೂರ್ವದ ಜಾತಿ. ತಮಾಷೆ ಅಂದ್ರೆ 1933ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬೇಕು ಅಂತ ತಂದು ಬಿಟ್ಟಿದ್ರು, ಅದು ನೆಲೆ ನಿಲ್ಲಲಿಲ್ಲ, ಕೆಲವೇ ವರ್ಷದಲ್ಲಿ ತಾವಾಗೇ ಬಂದವು ನಿಂತ್ವು.

ತಂದು ಬಿಟ್ಟು ಕೈ ಸುಟ್ಕೊಂಡಿದ್ದು ಹವಾಯಿಯವರು. ದನಗಳಿಗೆ ನೊಣದ ಕಾಟ ಜಾಸ್ತಿ, ಈ ಹಕ್ಕಿ ನೊಣ ತಿನ್ನತ್ತೆ ಅಂತ 1959ರಲ್ಲಿ ಅಲ್ಲಿ ತಂದು ಬಿಟ್ರು. ಹಕ್ಕಿಗೇನು, ಸಿಕ್ಕಿದ್ದು ತಿನ್ನತ್ತೆ, ಆ ದ್ವೀಪಗಳಲ್ಲಿ ಸಿಗಡಿ ಸಾಕೋ ಕೊಳಗಳು, ನೆಲದ ಮೇಲೆ ಗೂಡು ಕಟ್ಟೋ ಸ್ಥಳೀಯ ನೀರಹಕ್ಕಿಗಳ ಮರಿ ಎಲ್ಲಾ ಸುಲಭವಾಗಿ ಸಿಕ್ಕಿತು, ವಿಮಾನ ನಿಲ್ದಾಣದ ಹುಲ್ಲಿಗೂ ಬಂದು ಇಳಿದು ವಿಮಾನಕ್ಕೂ ಅಪಾಯ ತಂದ್ವು. ಕೊನೆಗೆ 2017ರಲ್ಲಿ ಅಲ್ಲಿ ಇವನ್ನ ಕೊಂದು ನಿಯಂತ್ರಣ ಮಾಡೋಕೆ ಅನುಮತಿ ಕೊಡೋ ಆದೇಶವೇ ಬಂತು. ದನದ ನೊಣ ತಿನ್ನತ್ತೆ ಅನ್ನೋ ಅರ್ಧ ಸತ್ಯ ನಂಬಿ ಮಾಡಿದ ಕೆಲಸ, ನಮ್ಮ ಉಣ್ಣಿ ಕಥೆಯಷ್ಟು ನಿರುಪದ್ರವಿ ಆಗ್ಲಿಲ್ಲ.

ಗೂಡಿನ ವಿಷ್ಯಕ್ಕೆ ಬರೋಣ. ಉತ್ತರ ಭಾರತದಲ್ಲಿ ಮುಂಗಾರಿಗೆ ಗೂಡು ಶುರು, ತೀರಾ ದಕ್ಷಿಣಕ್ಕೆ ಹೋದ್ರೆ ಹಿಂಗಾರಿಗೂ ಕಟ್ಟೋದುಂಟು, ಎಲ್ಲೇ ಆದ್ರೂ ಲೆಕ್ಕ ಮಳೆಯದು, ಮಳೆ ಬಂದ್ರೆ ಹುಲ್ಲು, ಹುಲ್ಲು ಬಂದ್ರೆ ಮಿಡತೆ, ಮಿಡತೆ ಬಂದ್ರೆ ಮರಿಗೆ ಊಟ. ನಮ್ಮಲ್ಲಿ ರಂಗನತಿಟ್ಟು, ಸೊರಬದ ಗುಡವಿಯಂಥ ಕಡೆ ಬೇರೆ ಬೆಳ್ಳಕ್ಕಿ, ನೀರುಕಾಗೆ, ಕೆಂಬರಲುಗಳ ಜೊತೆ ಒಂದೇ ಮರದಲ್ಲಿ ಗೂಡು ಇರತ್ತೆ, ಊರ ನಡುವಿನ ಆಲದ ಮರ, ಹುಣಸೆ ಮರ, ಬಿದಿರು ಮೆಳೆ ಕೂಡ ಆದೀತು. ತಿನ್ನೋಕೆ ಒಣ ನೆಲಕ್ಕೆ ಬಂದ್ರೂ ಗೂಡಿಗೆ ಮಾತ್ರ ಹಳೇ ನೆಂಟರ ಗುಂಪು ಬಿಟ್ಟಿಲ್ಲ.

ಜೋಡಿ ಆಗೋ ಮುಂಚೆ ಕೆಲವೇ ದಿನಗಳ ಮಟ್ಟಿಗೆ ಕೊಕ್ಕು, ಕಾಲು, ಕಣ್ಣು ಎಲ್ಲಾ ಕೆಂಪಗಾಗತ್ತೆ, ಇದನ್ನ ನೋಡಿದವರು ಕಮ್ಮಿ, ಜಾಸ್ತಿ ದಿನ ಇರಲ್ಲ. ಗಂಡು ಒಂದು ಕೊಂಬೆ ಹಿಡ್ಕೊಂಡು ಕಡ್ಡಿ ಅಲ್ಲಾಡಿಸ್ತಾ ಕೊಕ್ಕು ಮೇಲೆತ್ತಿ ತೋರಿಸ್ಕೊಳ್ಳತ್ತೆ. ಜೋಡಿ ಆದ ಮೇಲೆ ಕಡ್ಡಿ ತರೋದು ಗಂಡು, ಜೋಡಿಸೋದು ಹೆಣ್ಣು. ಪಕ್ಕದ ಗೂಡಿನ ಕಡ್ಡಿ ಕದಿಯೋದು ಎಲ್ರೂ ಮಾಡ್ತಾರೆ, ಅದಕ್ಕೇ ಗೂಡನ್ನ ಖಾಲಿ ಬಿಟ್ಟು ಹೋಗೋ ಹಾಗಿಲ್ಲ. ತೆಳು ನೀಲಿ ಛಾಯೆಯ ಬಿಳಿ ಮೊಟ್ಟೆ ಸಾಮಾನ್ಯವಾಗಿ ಮೂರರಿಂದ ಐದು, ಇಬ್ರೂ ಸರದಿಯಲ್ಲಿ ಕಾವು ಕೂರ್ತಾರೆ, 23 ದಿನದ ಆಸುಪಾಸಿಗೆ ಮರಿ. ಎರಡು ವಾರಕ್ಕೆ ಮರಿ ಗೂಡಿಂದ ಕೊಂಬೆಗೆ ಬರತ್ತೆ, ತಿಂಗಳಿಗೆ ಹಾರತ್ತೆ, ಒಂದೂವರೆ ತಿಂಗಳಿಗೆ ತನ್ನ ಪಾಡು ತಾನು ನೋಡ್ಕೊಳತ್ತೆ.

ಆದ್ರೆ ಆ ಎರಡು ವಾರದ ಒಳಗೆ ಗೂಡಲ್ಲಿ ನಡೆಯೋದು ನೋಡೋಕೆ ಚೆನ್ನಾಗಿರಲ್ಲ. ಹೆಣ್ಣು ಮೊಟ್ಟೆಗಳನ್ನ ಒಂದೇ ದಿನ ಇಡಲ್ಲ, ಒಂದೆರಡು ದಿನ ಬಿಟ್ಟು ಬಿಟ್ಟು ಇಡತ್ತೆ, ಎಲ್ಲಾ ಮೊಟ್ಟೆ ಆಗೋ ತನಕ ಕಾಯದೆ ಮೊದಲಿಂದ್ಲೇ ಕಾವು ಕೂರತ್ತೆ. ಹಾಗಾಗಿ ಮೊದಲ ಮರಿ ಹೊರಗೆ ಬಂದು ತಿಂದು ದಪ್ಪ ಆದ ಮೇಲೆ ಮೂರನೇದು ಬರತ್ತೆ. ಅಪ್ಪ ಅಮ್ಮ ಊಟ ತಂದು ಕಕ್ಕಿದಾಗ ದೊಡ್ಡ ಮರಿಗಳು ಚಿಕ್ಕದನ್ನ ಕೊಕ್ಕಲ್ಲಿ ಹೊಡೆದು ಹೊಡೆದು ತಲೆ ತಗ್ಗಿಸೋ ಹಾಗೆ ಮಾಡಿ ತಾವು ತಿಂತವೆ, ಚಿಕ್ಕದು ಹಸಿದು ಸಾಯತ್ತೆ ಇಲ್ಲಾ ಗೂಡಿಂದ ಬೀಳತ್ತೆ. ದೊಡ್ಡವರು ಪಕ್ಕದಲ್ಲೇ ನಿಂತಿದ್ರೂ ಬಿಡಿಸಲ್ಲ.

ಇದು ಸುಮ್ನೆ ಆಗೋ ಅನಾಹುತ ಇರಬಹುದು ಅಂತ ನಮಗೆ ಅನ್ಸತ್ತೆ. ಹುಬರ್ಟ್ ಶ್ವಾಬ್ಲ್, ಡಗ್ಲಸ್ ಮಾಕ್ ಅನ್ನೋ ವಿಜ್ಞಾನಿಗಳು ಮತ್ತೆ ಅವರ ಜೊತೆಯವರು ಮೊಟ್ಟೆಯ ಹಳದಿ ಭಾಗವನ್ನೇ ಪರೀಕ್ಷೆ ಮಾಡಿ 1997ರಲ್ಲಿ ಪ್ರಕಟಿಸಿದ್ದು ಬೇರೆ ಕಥೆ ಹೇಳತ್ತೆ: ಮೊದಲು ಇಟ್ಟ ಎರಡು ಮೊಟ್ಟೆಗಳಲ್ಲಿ ಆಂಡ್ರೋಜನ್ ಅನ್ನೋ ಹಾರ್ಮೋನು, ಅಂದ್ರೆ ಮರಿಯನ್ನ ಜಗಳಗಂಟ ಮಾಡೋ ಹಾರ್ಮೋನು, ಕೊನೇ ಮೊಟ್ಟೆಗಿಂತ ಸುಮಾರು ಎರಡು ಪಟ್ಟು ಇತ್ತು. ಅಂದ್ರೆ ಯಾರು ಗೆಲ್ಬೇಕು ಅಂತ ಒಂದು ಮಟ್ಟಿಗೆ ಅಮ್ಮನೇ ಮೊಟ್ಟೆ ಇಡುವಾಗ ಬರೆದುಬಿಟ್ಟಿರತ್ತೆ. ಮನುಷ್ಯರ ಕಣ್ಣಿಂದ ನೋಡಿದ್ರೆ ಕ್ರೂರ. ಹಕ್ಕಿ ಕಡೆಯಿಂದ ಯೋಚಿಸಿ, ಈ ವರ್ಷ ಮಳೆ ಹೇಗಾಗತ್ತೆ, ಮಿಡತೆ ಎಷ್ಟು ಏಳತ್ತೆ ಅಂತ ಮೊಟ್ಟೆ ಇಡುವಾಗ ಗೊತ್ತಿಲ್ಲ. ಮಳೆ ಚೆನ್ನಾಗಾಗಿ ಊಟ ಧಾರಾಳ ಇದ್ರೆ ಮೂರನೇದೂ ಬದುಕತ್ತೆ, ಇಲ್ಲಾಂದ್ರೆ ಮೂರೂ ಅರೆಹೊಟ್ಟೆಯಲ್ಲಿ ನರಳಿ ಸಾಯೋ ಬದಲು ಒಂದು ಬೇಗ ಹೋಗಿ ಎರಡು ಗಟ್ಟಿಯಾಗಿ ಉಳೀತವೆ, ಮೂರನೇದು ಒಂದು ರೀತಿ ಕೈಕಾವಲಿಗೆ ಇಟ್ಕೊಂಡಿರೋ ಮರಿ. ದೊಡ್ಡ ಮರಿಗೆ ಏನಾದ್ರೂ ಆದ್ರೆ ಆಗ್ಲೂ ಅದರ ಪಾಳಿ ಬರತ್ತೆ. ನನಗೆ ಈ ವಿವರಣೆ ಒಪ್ಪಿಗೆ ಆಗತ್ತೆ, ಹಾಗಂತ ಮರದ ಕೆಳಗೆ ಬಿದ್ದಿರೋ ಆ ಬೋಳು ಮರಿ ನೋಡುವಾಗ ಹೊಟ್ಟೆ ಕಿವುಚೋದು ನಿಲ್ಲಲ್ಲ.

ಗೂಡಿನ ಕಾಲ ಬಿಟ್ರೆ ಉಳಿದ ತಿಂಗಳು ಇವುಗಳ ದಿನಚರಿ ಆಫೀಸ್ ಟೈಮಿಂಗ್ ತರಾನೇ. ರಾತ್ರಿ ಕೆರೆ ನಡುಗಡ್ಡೆಯ ಜಾಲಿ ಮರಗಳಲ್ಲೋ ಊರ ಮರದಲ್ಲೋ ನೂರಾರು ಸೇರಿ ಮಲಗ್ತವೆ, ಬೆಳಕು ಹರಿದ ಮೇಲೆ ಗುಂಪು ಗುಂಪಾಗಿ ಗದ್ದೆ ಗೋಮಾಳಕ್ಕೆ ಹೋಗ್ತವೆ, ಸಂಜೆ ಸಾಲಾಗಿ ವಾಪಸ್. ಉಗುರು ತೋರ್ಸಿ ಬಿಳಿ ಚುಕ್ಕೆ ಕೊಡು ಅಂತ ಮಕ್ಕಳು ಕೂಗೋದು ಈ ಸಂಜೆಯ ಸಾಲಿಗೇ. ಒಂದೇ ಜಾಗದಲ್ಲಿ ವರ್ಷಪೂರ್ತಿ ಇರೋವೂ ಅಲ್ಲ, ಮಳೆ ಎಲ್ಲಿ, ಉಳುಮೆ ಎಲ್ಲಿ ಅಂತ ನೋಡ್ಕೊಂಡು ಊರಿಂದೂರಿಗೆ ಜಾಗ ಬದಲಾಯಿಸ್ತಾನೇ ಇರ್ತವೆ.

ಈಗ ಬಯಲಿಗೆ ಬಿಟ್ಟು ದನ ಮೇಯಿಸೋರು ಕಮ್ಮಿ ಆಗಿದ್ದಾರೆ, ಕೊಟ್ಟಿಗೆಯಲ್ಲೇ ಕಟ್ಟಿ ಹುಲ್ಲು ಹಾಕೋದು, ಗೋಮಾಳಗಳೂ ಉಳಿದಿಲ್ಲ. ಅಂದ್ರೆ ಗೋವಕ್ಕಿ ಗತಿ ಏನು ಅಂತ ಗಾಬರಿ ಆಗೋ ಹಾಗೇನಿಲ್ಲ, ಅದು ಆಗ್ಲೇ ಟ್ರ್ಯಾಕ್ಟರಿಗೂ ಕಸದ ಗುಡ್ಡೆಗೂ ಹೊಂದ್ಕೊಂಡಿದೆ, ಪ್ರಪಂಚದ ಮಟ್ಟದಲ್ಲಿ ಅಳಿವಿನ ಪಟ್ಟಿ ಹತ್ರನೂ ಇಲ್ಲ. ನನ್ನ ಆತಂಕ ಇರೋದು ಅದು ತಿನ್ನೋದ್ರ ಬಗ್ಗೆ, ಹುಳಕ್ಕೆ ಹೊಡೆದ ಔಷಧಿ ಹುಳದ ಜೊತೆ ಹಕ್ಕಿ ಹೊಟ್ಟೆಗೂ ಹೋಗತ್ತೆ, ಔಷಧಿ ಹೊಡೆದ ಗದ್ದೆಯಲ್ಲಿ ತತ್ತರಿಸ್ತಾ ಬಿದ್ದಿರೋ ಮಿಡತೆ ಹಿಡಿಯೋದು ಎಲ್ಲಕ್ಕಿಂತ ಸುಲಭ ಅಲ್ವಾ.

ಇನ್ನೊಂದು ತಕರಾರು ಊರ ಮರಗಳದ್ದು. ಮನೆ ಮುಂದಿನ ಮರದಲ್ಲಿ ಐವತ್ತು ಗೂಡು ಆದ್ರೆ ಕೆಳಗೆ ನಿಲ್ಲೋಕಾಗಲ್ಲ, ಹಿಕ್ಕೆ, ಕಕ್ಕಿದ ಕಪ್ಪೆ, ಸತ್ತ ಮರಿ, ಇಡೀ ದಿನ ಕರಕರ ಗಲಾಟೆ, ಹಿಕ್ಕೆ ಜಾಸ್ತಿ ಆಗಿ ಮರನೂ ಒಣಗೋದುಂಟು. ಬೈಯೋರ ಕಷ್ಟ ಸುಳ್ಳಲ್ಲ. ಆದ್ರೆ ಜನಕ್ಕೆ ಸಿಟ್ಟು ಬರೋದು ವಾಸನೆ ಜೋರಾದಾಗ, ಅದು ಸರಿಯಾಗಿ ಮರಿಗಳು ಗೂಡಲ್ಲಿ ಇರೋ ಹೊತ್ತು, ಆಗ ಕೊಂಬೆ ಕಡಿದ್ರೆ ಹಾರೋಕೆ ಬರದ ಮರಿಗಳೆಲ್ಲ ನೆಲಕ್ಕೆ ಬೀಳ್ತವೆ, ನೆಲಕ್ಕೆ ಬಿದ್ದ ಮರಿಗೆ ದೊಡ್ಡವರು ಬಂದು ಊಟ ಕೊಡಲ್ಲ, ನಾಯಿ ಬೆಕ್ಕಿನ ಪಾಲು. ಇದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಕೂಡ, ಮರ ನಿಮ್ಮ ಜಾಗದ್ದೇ ಆಗಿದ್ರೂ ಸಹ. ಕೊಂಬೆ ಕಡಿಸಲೇಬೇಕು ಅಂತಿದ್ರೆ ಗೂಡೆಲ್ಲ ಖಾಲಿ ಆಗಿದೆ ಅಂತ ನೋಡ್ಕೊಂಡು, ಮುಂದಿನ ಮಳೆಗೆ ಮುಂಚೆ, ಅರಣ್ಯ ಇಲಾಖೆ ಪರ್ಮಿಶನ್ ತಗೊಂಡು ಕಡಿಸಿ, ಅಲ್ಲಿ ತನಕ ಮರದ ಕೆಳಗೆ ಕಾರ್ ನಿಲ್ಲಿಸಬೇಡಿ.